ಅಮ್ಮನಿಗೆ 76, ಹೆಪಟೈಟಿಸ್ ಸಿ, ಲಿವರ್‌ನಲ್ಲಿ ಗಡ್ಡೆ. ಈ ಪ್ರಾಯದಲ್ಲಿ ಚಿಕಿತ್ಸೆ ಮಾಡಿಸಬೇಕಾ?

ಶಂಕರಪುರದವ
ನಮಸ್ಕಾರ. ಸ್ವಲ್ಪ ಉದ್ದ ಉಂಟು, ಬೇಜಾರು ಮಾಡಬೇಡಿ.

ಅಮ್ಮನಿಗೆ ಕಣ್ಣಿನ ಪೊರೆ ತೆಗೆಸುವ ಅಂತ ಹೋದದ್ದು. ಆಪರೇಷನ್‌ಗೆ ಮೊದಲು ರಕ್ತ ನೋಡ್ತಾರಲ್ಲ, ಅದರಲ್ಲಿ ಎಚ್‌ಸಿವಿ (ಹೆಪಟೈಟಿಸ್ ಸಿ ವೈರಸ್) ಪಾಸಿಟಿವ್ ಬಂತು. ಅಲ್ಲಿಂದ ಶುರು. ಲಿವರ್ ಡಾಕ್ಟ್ರ ಹತ್ರ ಕಳಿಸಿದ್ರು. ವೈರಲ್ ಲೋಡ್ ಉಂಟು, ಅಂದ್ರೆ ರಕ್ತದಲ್ಲಿ ವೈರಸ್ ಈಗಲೂ ಉಂಟು ಅಂತಾಯ್ತು. ಫೈಬ್ರೋಸ್ಕ್ಯಾನ್ (ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ನೋಡುವುದು) 21 ಬಂತು, ಸಿರೋಸಿಸ್ ಅಂದ್ರು, ಲಿವರ್ ಕಲೆ ಕಟ್ಟಿ ಗಟ್ಟಿಯಾಗಿದೆಯಂತೆ. ಹೊಟ್ಟೆ ಸ್ಕ್ಯಾನಿಂಗ್‌ನಲ್ಲಿ ಲಿವರ್‌ನ ಬಲಗಡೆ 2.6 ಸೆಂಟಿಮೀಟರ್‌ನ ಒಂದು ಗಡ್ಡೆ. ಎಎಫ್‌ಪಿ (ಲಿವರ್ ಕ್ಯಾನ್ಸರಿನ ಸಂಶಯಕ್ಕೆ ನೋಡುವ ರಕ್ತ ಪರೀಕ್ಷೆ) 38. ಈಗ ಟ್ರಿಪಲ್ ಫೇಸ್ ಸಿಟಿ (ಬಣ್ಣದ ಮದ್ದು ಕೊಟ್ಟು ಮಾಡುವ ಸಿಟಿ ಸ್ಕ್ಯಾನ್) ಮಾಡಿಸಿ ಅಂತ ಬರೆದುಕೊಟ್ಟಿದ್ದಾರೆ.

ನೋಡ್ಲಿಕ್ಕೆ ಅಮ್ಮ ಆರಾಮ. ಬೆಳಿಗ್ಗೆ 5ಕ್ಕೆ ಎದ್ದು ಮಲ್ಲಿಗೆ ಕೊಯ್ದು, ಕಟ್ಟಿ, ಕಟ್ಟೆಗೆ (ಹೂ ಖರೀದಿಸುವಲ್ಲಿಗೆ) ಕೊಡುವಷ್ಟರಲ್ಲಿ ನನಗೆ ಸರಿಯಾಗಿ ಎಚ್ಚರ ಆಗಿರುವುದಿಲ್ಲ. ಕಣ್ಣು ಮಂಜಾಗಿದೆ ಅಂತ ಆಪರೇಷನ್ ಕೇಳಿದ್ದೂ ಹೂ ಕಟ್ಟಲಿಕ್ಕೇ.

ಮನೆಯಲ್ಲಿ ಎರಡು ಪಾರ್ಟಿ ಆಗಿದೆ. ಮುಂಬೈಯಲ್ಲಿರುವ ಅಣ್ಣ ಹೇಳುವುದು, ಈ ಪ್ರಾಯದಲ್ಲಿ ಯಾಕೆ ಆಸ್ಪತ್ರೆ ಸುತ್ತಿಸುವುದು, ಇದ್ದಷ್ಟು ದಿನ ನೆಮ್ಮದಿಯಲ್ಲಿ ಇರ್ಲಿ ಅಂತ. ಅಕ್ಕ ಇವತ್ತೇ ಬೆಂಗಳೂರಿಗೆ ಕರ್ಕೊಂಡು ಹೋಗುವ ಅಂತಾಳೆ. ಅಮ್ಮನಿಗೆ "ಲಿವರ್‌ನಲ್ಲಿ ಚೂರು ಊತ" ಅಂತ ಮಾತ್ರ ಹೇಳಿದ್ದೇವೆ. ಮನೆಯಲ್ಲಿ ಪ್ರಾಯದವರಿಗೆ ಹೀಗೆ ಆಗಿ ಚಿಕಿತ್ಸೆ ಮಾಡಿಸಿದವರು ಯಾರಾದ್ರೂ ಇದ್ರೆ ಹೇಳಿ. ಮೊದಲು ವೈರಸ್ಸಾ, ಮೊದಲು ಗಡ್ಡೆಯಾ?

ಬಿಜೈ_ದುಬೈ
ಅಮ್ಮ ಕುಡೀತಿರ್ಲಿಲ್ಲ ತಾನೆ? ಸಿರೋಸಿಸ್ ಹೇಗೆ ಬಂತು?

ಶಂಕರಪುರದವ
ಅಯ್ಯೋ ಮಾರಾಯ್ರೆ, ಇದೇ ಪ್ರಶ್ನೆ ಊರಿಡೀ ಕೇಳ್ತಾ ಉಂಟು. ಚಾ ಬಿಟ್ರೆ ಬೇರೆ ಏನೂ ಇಲ್ಲ. 1984ರಲ್ಲಿ ಗರ್ಭಕೋಶದ ಆಪರೇಷನ್ ಆದಾಗ ಎರಡು ಬಾಟ್ಲಿ ರಕ್ತ ಕೊಟ್ಟಿದ್ರಂತೆ. ಡಾಕ್ಟ್ರು ಅದನ್ನೇ ಎರಡೆರಡು ಸಲ ಕೇಳಿದ್ರು.

ನರ್ಸಕ್ಕ
ಅದೇ ದಾರಿ ಇರಬಹುದು. ಆ ವೈರಸ್ಸಿಗೆ ಹೆಸರು ಸಿಕ್ಕಿದ್ದೇ 1989ರಲ್ಲಿ. ರಕ್ತ ಬ್ಯಾಂಕಿನಲ್ಲಿ ಪ್ರತಿ ಬಾಟ್ಲಿಗೂ ಸಿ ಪರೀಕ್ಷೆ ಕಡ್ಡಾಯ ಆದದ್ದು ನಮ್ಮ ದೇಶದಲ್ಲಿ 2001ರಲ್ಲಿ. 84ರಲ್ಲಿ ಯಾರೂ ಏನೂ ಮಾಡುವ ಹಾಗೆ ಇರ್ಲಿಲ್ಲ. ಆಗ ದುಡ್ಡಿಗೆ ರಕ್ತ ಕೊಡುವವರೂ ಇದ್ರು, ಗಾಜಿನ ಸಿರಿಂಜನ್ನು ನೀರಲ್ಲಿ ಕುದಿಸಿ ಮತ್ತೆ ಮತ್ತೆ ಚುಚ್ಚುತ್ತಿದ್ದ ಕಾಲ. ನಾನು ಕೆಲಸಕ್ಕೆ ಸೇರಿದಾಗ ಆ ಸ್ಟೀಲಿನ ಡಬ್ಬಿ ಇನ್ನೂ ಮೂಲೆಯಲ್ಲಿತ್ತು.

30-40 ವರ್ಷ ಸದ್ದಿಲ್ಲದೆ ಲಿವರ್ ತಿನ್ನುವ ರೋಗ ಇದು. ಅದಕ್ಕೇ ಪ್ರಾಯದವರಲ್ಲಿ ಹೆಚ್ಚು ಸಿಗುವುದು, ಅದೂ ಕಣ್ಣಿನ ಆಪರೇಷನ್, ಮೊಣಕಾಲಿನ ಆಪರೇಷನ್ ಅಂತ ಬೇರೆ ಯಾವುದಕ್ಕೋ ಹೋದಾಗ.

ತೆಂಕುತಿಟ್ಟು
ನಮ್ಮಲ್ಲಿ ಒಬ್ಬರು ಲಿವರ್‌ಗೆ ಔಷಧಿ ಕೊಡ್ತಾರೆ, ಮೂರು ಭಾನುವಾರ, ಬರೀ ಹೊಟ್ಟೆಗೆ. ಪಥ್ಯ ಕಟ್ಟುನಿಟ್ಟು. ಎಷ್ಟೋ ಜನ ಗುಣ ಆಗಿದ್ದಾರೆ. ಫೋನ್ ನಂಬರ್: [ನಿರ್ವಾಹಕರು ತೆಗೆದಿದ್ದಾರೆ]

ಔಷಧಂಗಡಿ
ತೆಂಕುತಿಟ್ಟು ಅವರೇ, ಗುಣ ಆದದ್ದು ಕಾಮಾಲೆ. ಹೆಪಟೈಟಿಸ್ ಎ, ಇ ಎರಡೂ ನೀರಿನಿಂದ ಬರುವುದು, ಹೆಚ್ಚಿನವರಿಗೆ ಗಂಜಿ ಕುಡಿದು ಮಲಗಿದ್ರೂ ವಾಸಿಯಾಗ್ತದೆ. ಹೆಸರು ಮಾತ್ರ ಔಷಧಿ ಕೊಟ್ಟವರಿಗೆ. ಸಿ ರಕ್ತದಲ್ಲಿ ದಶಕಗಟ್ಟಲೆ ಕೂತಿರುವುದು, ಕಷಾಯಕ್ಕೆ ಜಗ್ಗುವುದಿಲ್ಲ. ಸಿರೋಸಿಸ್ ಆದ ಲಿವರ್‌ಗೆ ಗೊತ್ತಿಲ್ಲದ ಬೇರು ಸೊಪ್ಪು ಹಾಕಿದ್ರೆ ಇದ್ದದ್ದೂ ಹೋಗ್ತದೆ. ಕೋವಿಡ್ ಸಮಯದಲ್ಲಿ ಅಮೃತಬಳ್ಳಿ ಕುಡಿದು ಲಿವರ್ ಕೆಟ್ಟವರ ಬಗ್ಗೆ ಮುಂಬೈ ಡಾಕ್ಟ್ರುಗಳೇ ವರದಿ ಮಾಡಿದ್ದಾರೆ.

ತೆಂಕುತಿಟ್ಟು
ಎಲ್ಲದಕ್ಕೂ ಮಾತ್ರೆ ಮಾರುವವರು ಹೀಗೇ ಹೇಳುವುದು ಬಿಡಿ 🙂

ಔಷಧಂಗಡಿ
ನನ್ನ ಅಂಗಡಿಯಲ್ಲಿ ಹೆಪಟೈಟಿಸ್ ಸಿ ಮಾತ್ರೆ ಇಲ್ಲ ಮಾರಾಯ್ರೆ. ಸರ್ಕಾರ ಪುಕ್ಕಟೆ ಕೊಡ್ತದೆ. ಇದರಲ್ಲಿ ನನಗೆ ನಾಲ್ಕಾಣೆ ಲಾಭ ಇಲ್ಲ.

ಶಂಕರಪುರದವರೇ, ಅಮ್ಮ ಈಗ ತಗೊಳ್ತಿರುವ ಮಾತ್ರೆಗಳ ಪಟ್ಟಿ ಹಾಕಿ. ಎಲ್ಲವೂ. ಗ್ಯಾಸ್‌ನದ್ದು, ನಿದ್ದೆಯದ್ದು, ಕಾಲುನೋವಿನದ್ದು ಸೇರಿ.

ಕುಂದಾಪ್ರದ್_ಗಂಡ್
ಹ್ವಾಯ್, ನಮ್ಮ ಅಪ್ಪಯ್ಯಂಗೆ 81 ಆಯಿತ್ತ್. ಹೊಟ್ಟಿ ತುಂಬ ನೀರ್ ತುಂಬ್ಕಂಡಿತ್ತ್, ಗಡ್ಡಿ ದೊಡ್ಡದಾಯಿ ರಕ್ತನಾಳದ್ ಒಳಗ್ ಹೋಯಿತ್ತ್. ಡಾಕ್ಟ್ರು ಕೂರ್ಸ್ಕಂಡ್ ಸಮಾ ಹೇಳ್ರ್, ಈಗ ಎಂತ ಮಾಡ್ರೂ ತೊಂದ್ರೆಯೇ ಜಾಸ್ತಿ ಅಂದೇಳಿ. ನಾವ್ ಮನಿಗೇ ಕರ್ಕಂಡ್ ಬಂದ್ವ್.

ಮುಂದಿನದ್ದು ಎಲ್ಲರಿಗೂ ಅರ್ಥ ಆಗಲಿ ಅಂತ ಪೇಟೆ ಕನ್ನಡದಲ್ಲೇ ಬರೀತೇನೆ. ನಾಲ್ಕು ತಿಂಗಳಿದ್ರು. 15 ದಿನಕ್ಕೊಮ್ಮೆ ಹೋಗಿ ನೀರು ತೆಗೆಸಿದ್ದು, ನೋವಿಗೆ ಔಷಧಿ, ಮಲ ಸಡಿಲ ಆಗುವ ಸಿರಪ್, ಇಷ್ಟೇ. ಆ ಸಿರಪ್ ಒಂದೆರಡು ದಿನ ತಪ್ಪಿದ್ರೆ ರಾತ್ರಿಯೆಲ್ಲ ಎದ್ದು ಕೂತು ದನ ಕಟ್ಟಿದ್ಯಾ ಅಂತ ಕೇಳ್ತಿದ್ರು. ದನ ಮಾರಿ 20 ವರ್ಷ ಆಗಿತ್ತು. ಲಿವರ್ ಕೆಲಸ ಮಾಡದೆ ವಿಷ ತಲೆಗೆ ಏರುವುದಂತೆ ಅದು. ನಮಗೆ ಮೊದಲು ಗೊತ್ತಾಗದೆ ಅರಳುಮರಳು ಅಂದುಕೊಂಡಿದ್ದೆವು. ನಿಮ್ಮ ಅಣ್ಣ ಹೇಳಿದ್ದು ನಮ್ಮ ಅಪ್ಪಯ್ಯನ ಸ್ಥಿತಿಗೆ ಸರಿ. ಹೂ ಕಟ್ಟುವ ನಿಮ್ಮ ಅಮ್ಮನಿಗೆ ಸರಿಯಾ, ಯೋಚನೆ ಮಾಡಿ.

ನರ್ಸಕ್ಕ
ಕುಂದಾಪ್ರದವರು ಹೇಳಿದ್ದೇ ಮುಖ್ಯ ವಿಷಯ. ಡಾಕ್ಟ್ರು ನೋಡುವುದು ಬರೀ ಪ್ರಾಯವನ್ನಲ್ಲ. ಮೂರು ಲೆಕ್ಕ ಇಡ್ತಾರೆ: ಗಡ್ಡೆ ಎಷ್ಟು, ಉಳಿದ ಲಿವರ್ ಎಷ್ಟು ಕೆಲಸ ಮಾಡ್ತದೆ, ಮನುಷ್ಯ ದಿನವಿಡೀ ಎಂತ ಮಾಡ್ತಾರೆ. ಮೂರನೆಯದನ್ನು ಅವರು ಮಾತಿನ ಮಧ್ಯೆ ಸುಮ್ಮನೆ ಕೇಳಿದ ಹಾಗೆ ಕೇಳುವುದು, "ಅಮ್ಮ, ಮನೆಯಲ್ಲಿ ಎಂತ ಕೆಲಸ?" ಅಂತ. ನಾವು ಮಕ್ಕಳು ನಡುವೆ ಬಾಯಿ ಹಾಕಿ "ಪಾಪ, ಏನೂ ಆಗುವುದಿಲ್ಲ ಅವರಿಂದ" ಅಂತ ಹೇಳಿಬಿಡ್ತೇವೆ. ಹಾಗೆ ಹೇಳಬೇಡಿ. ಚಿಕಿತ್ಸೆಯ ದಾರಿಯೇ ಬದಲಾಗ್ತದೆ.

ಶಂಕರಪುರದವ
ಔಷಧಂಗಡಿಯವರೇ, ಪಟ್ಟಿ: ಮೆಟ್‌ಫಾರ್ಮಿನ್ (ಸಕ್ಕರೆ ಕಾಯಿಲೆಗೆ), ಅಮ್ಲೋಡಿಪಿನ್ (ಬಿಪಿಗೆ), ಪ್ಯಾಂಟೊಪ್ರಜೋಲ್ (ಗ್ಯಾಸ್‌ಗೆ, ಬೆಳಿಗ್ಗೆ ಬರೀ ಹೊಟ್ಟೆಗೆ, ವರ್ಷಗಳಿಂದ), ಅಮಿಯೊಡರೋನ್ (ಎರಡು ವರ್ಷದ ಹಿಂದೆ ಎದೆಬಡಿತ ತಪ್ಪಿದ್ದಕ್ಕೆ). ಮೊಣಕಾಲು ನೋವಿಗೆ ಆಗಾಗ ಡೈಕ್ಲೋಫೆನಾಕ್, ಪಕ್ಕದ ಮನೆಯವರು ಕೊಟ್ಟದ್ದು.

ಔಷಧಂಗಡಿ
ಕೇಳಿದ್ದು ಒಳ್ಳೆಯದಾಯ್ತು. ಅಮಿಯೊಡರೋನ್ ವಿಷಯ ಲಿವರ್ ಡಾಕ್ಟ್ರಿಗೆ ಗೊತ್ತುಂಟಾ? ಹೆಪಟೈಟಿಸ್ ಸಿ ಮಾತ್ರೆಯಲ್ಲಿ ಮುಖ್ಯವಾದದ್ದು ಸೋಫೋಸ್ಬುವಿರ್. ಅದೂ ಅಮಿಯೊಡರೋನೂ ಒಟ್ಟಿಗೆ ಹೋದ್ರೆ ಎದೆಬಡಿತ ಅಪಾಯ ಆಗುವಷ್ಟು ನಿಧಾನ ಆಗಬಹುದು, ಜೀವಕ್ಕೇ ಕುತ್ತು. ನಿನ್ನೆ ನಿಲ್ಲಿಸಿ ಇವತ್ತು ಶುರು ಮಾಡುವ ಹಾಗೂ ಇಲ್ಲ, ಅಮಿಯೊಡರೋನ್ ಮೈಯಿಂದ ಹೋಗಲಿಕ್ಕೆ ತಿಂಗಳುಗಟ್ಟಲೆ ಬೇಕು. ನೀವಾಗಿ ನಿಲ್ಲಿಸಬೇಡಿ, ಹೃದಯದ ಡಾಕ್ಟ್ರು ಲಿವರ್ ಡಾಕ್ಟ್ರು ಇಬ್ಬರೂ ಮಾತಾಡಿ ಬದಲಿ ಕೊಡಬೇಕು.

ಎರಡನೆಯದು ಪ್ಯಾಂಟೊಪ್ರಜೋಲ್. ಸಿರೋಸಿಸ್ ಇದ್ದವರಿಗೆ ಸೋಫೋಸ್ಬುವಿರ್ ಜೊತೆ ವೆಲ್ಪಟಾಸ್ವಿರ್ ಕೊಡ್ತಾರೆ. ಹೊಟ್ಟೆಯ ಆಮ್ಲ ಕಮ್ಮಿಯಾದ್ರೆ ವೆಲ್ಪಟಾಸ್ವಿರ್ ಮೈಗೆ ಹಿಡಿಯುವುದಿಲ್ಲ. ನಮ್ಮೂರಲ್ಲಿ ಗ್ಯಾಸ್ ಮಾತ್ರೆ ಮಾತ್ರೆಯೇ ಅಲ್ಲ ಅಂತ ಲೆಕ್ಕ, ಡಾಕ್ಟ್ರಿಗೆ ಯಾರೂ ಹೇಳುವುದಿಲ್ಲ.

ಡೈಕ್ಲೋಫೆನಾಕ್ ಇವತ್ತೇ ಬಂದ್. ಕಿಡ್ನಿಗೂ ಕೆಟ್ಟದು, ರಕ್ತಸ್ರಾವಕ್ಕೂ ದಾರಿ. ಪ್ಯಾರಾಸಿಟಮಾಲ್ ಲೆಕ್ಕ ಇಟ್ಟುಕೊಂಡು, ದಿನಕ್ಕೆ 2 ಗ್ರಾಂ ದಾಟದ ಹಾಗೆ, ಅದೂ ಡಾಕ್ಟ್ರನ್ನು ಕೇಳಿ.

ಶಂಕರಪುರದವ
ಕೈ ನಡುಗಿತು ಓದಿ. ಹೃದಯದ ಫೈಲು ಬೇರೆ ಆಸ್ಪತ್ರೆಯದ್ದು, ಲಿವರ್ ಡಾಕ್ಟ್ರಿಗೆ ತೋರಿಸಿಯೇ ಇಲ್ಲ. ನಾಳೆ ಹೋಗ್ತೇನೆ.

ಬೆಂದೂರ್_ಬಾಯಿ
ನಮ್ಮಲ್ಲಿ ಅತ್ತೆಗೆ ಸಿ ಅಂತ ಗೊತ್ತಾದ ದಿನವೇ ನನ್ನ ನಾದಿನಿ ಅವರ ಬಟ್ಟಲು ಲೋಟ ಬೇರೆ ಇಟ್ಟಳು. ಮೊಮ್ಮಕ್ಕಳನ್ನು ಹತ್ತಿರ ಬಿಡ್ತಿರ್ಲಿಲ್ಲ. ಅತ್ತೆ ಒಂದು ಮಾತು ಆಡ್ಲಿಲ್ಲ, ಊಟ ಕಮ್ಮಿ ಮಾಡಿದ್ರು, ಅಷ್ಟೆ. ದಯಮಾಡಿ ಯಾರೂ ಹೀಗೆ ಮಾಡಬೇಡಿ. ಒಟ್ಟಿಗೆ ಉಂಡ್ರೆ, ಅಪ್ಪಿಕೊಂಡ್ರೆ ಬರುವುದಿಲ್ಲ ಇದು. ಬ್ಲೇಡು, ಉಗುರು ಕತ್ತರಿ, ಹಲ್ಲಿನ ಬ್ರಷ್ ಬೇರೆ ಇದ್ರೆ ಸಾಕು. ಮನೆಯವರೆಲ್ಲ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ, ಮಕ್ಕಳಿಗೂ ಮಾಡಿಸಿ.

ಬಿಜೈ_ದುಬೈ
ನಾವೆಲ್ಲ ಹೆಪಟೈಟಿಸ್ ಲಸಿಕೆ ತಗೊಂಡಿದ್ದೇವೆ, ನಮಗೆ ಬರ್ಲಿಕ್ಕಿಲ್ಲ ಅಲ್ವಾ?

ನರ್ಸಕ್ಕ
ಅದು ಬಿ. ಸಿಗೆ ಲಸಿಕೆಯೇ ಇಲ್ಲ. ಆದ್ರೆ ಬಿ ವಿಷಯ ತೆಗೆದದ್ದು ಒಳ್ಳೆಯದಾಯ್ತು. ಸಿಗೆ ಮಾತ್ರೆ ಶುರು ಮಾಡುವ ಮೊದಲು ಬಿ ಉಂಟಾ, ಹಿಂದೆ ಬಂದು ಹೋಗಿದೆಯಾ ಅಂತ ನೋಡಲೇಬೇಕು. ಸಿ ಹೋದ ಕೂಡಲೇ ಮಲಗಿದ್ದ ಬಿ ಎದ್ದು ಕೂತದ್ದು ಉಂಟು.

ಮುಲ್ಕಿ_ಮಾಸ್ಟ್ರು
ನಾನು ನಿವೃತ್ತ ಮಾಸ್ಟ್ರು, ರೋಗಿಯ ಮಗನೂ ಹೌದು, ರೋಗಿಯೂ ಹೌದು. ಹಾಗಾಗಿ ಸ್ವಲ್ಪ ಹೆಚ್ಚು ಬರೀತೇನೆ.

ನನ್ನ ತಂದೆಗೆ ಇಂಟರ್‌ಫೆರಾನ್ ಕಾಲದಲ್ಲಿ ಸಿ ಸಿಕ್ಕಿದ್ದು. ವಾರಕ್ಕೊಂದು ಚುಚ್ಚುಮದ್ದು, ವರ್ಷವಿಡೀ, ಪ್ರತಿ ಸಲ ಜ್ವರ, ಮೈನೋವು, ಮನಸ್ಸು ಕುಗ್ಗುವುದು. 70 ದಾಟಿದವರು ತಡೆದುಕೊಳ್ಳುವುದಿಲ್ಲ ಅಂತ ಡಾಕ್ಟ್ರೇ ಬೇಡ ಅಂದ್ರು. ಆಗ ಅದು ಸರಿಯೇ. ಈಗಲೂ ಜನರ ತಲೆಯಲ್ಲಿ ಉಳಿದಿರುವುದು ಅದೇ ಮಾತು, ಚಿಕಿತ್ಸೆ ಮಾತ್ರ ಬೇರೆ ಆಗಿದೆ. 2013ರ ಕೊನೆಗೆ ಅಮೆರಿಕದಲ್ಲಿ ಸೋಫೋಸ್ಬುವಿರ್‌ಗೆ ಒಪ್ಪಿಗೆ ಸಿಕ್ಕಿತು, ಒಂದು ಮಾತ್ರೆಗೆ 1,000 ಡಾಲರ್, 12 ವಾರಕ್ಕೆ 84,000. ಮರುವರ್ಷ ಭಾರತದ ಕಂಪನಿಗಳಿಗೆ ತಯಾರಿಸುವ ಪರವಾನಗಿ ಸಿಕ್ಕಿದ ಮೇಲೆ ನಮ್ಮಂಥವರ ಕೈಗೆ ಎಟುಕಿತು. 2018ರ ಜುಲೈ 28ರಿಂದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ನಾನು 69ರಲ್ಲಿ ತಿಂದೆ. ದಿನಕ್ಕೊಂದು ಮಾತ್ರೆ, 12 ವಾರ. ಸ್ವಲ್ಪ ತಲೆನೋವು, ಅಷ್ಟೆ. ನೂರರಲ್ಲಿ 95 ಜನಕ್ಕೆ ಗುಣ, ಪ್ರಾಯದವರಲ್ಲೂ ಹೆಚ್ಚುಕಮ್ಮಿ ಅಷ್ಟೇ.

ಆದರೆ ನನ್ನ ಭಾವನ ಕಥೆಯನ್ನೂ ಹೇಳಬೇಕು. ಅವರೂ 2017ರಲ್ಲಿ ಗುಣ ಆದ್ರು. ಸಿರೋಸಿಸ್ ಇತ್ತು. "ವೈರಸ್ ಹೋಯ್ತಲ್ಲ, ಇನ್ನೆಂತ" ಅಂತ ಸ್ಕ್ಯಾನಿಂಗ್‌ಗೆ ಹೋಗುವುದನ್ನೇ ಬಿಟ್ರು. 2021ರಲ್ಲಿ ತೂಕ ಇಳಿಯಿತು ಅಂತ ನೋಡಿದ್ರೆ 9 ಸೆಂಟಿಮೀಟರ್ ಗಡ್ಡೆ. ಸೊರಾಫೆನಿಬ್ ಅಂತ ಕ್ಯಾನ್ಸರ್ ಮಾತ್ರೆ ಕೊಟ್ರು. ಅಂಗೈ ಅಂಗಾಲು ಸುಲಿದು ಚಪ್ಪಲಿ ಹಾಕಲಿಕ್ಕೆ ಆಗ್ತಿರ್ಲಿಲ್ಲ. ವೈರಸ್ ಹೋದ್ರೂ ಸಿರೋಸಿಸ್ ಆದ ಲಿವರ್‌ನಲ್ಲಿ ಗಡ್ಡೆ ಬರುವ ಸಾಧ್ಯತೆ ಕಮ್ಮಿ ಆಗ್ತದೆ, ಪೂರ್ತಿ ಹೋಗುವುದಿಲ್ಲ. ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಬದುಕಿರುವವರೆಗೆ.

ಗಂಜಿಊಟ
ಮಾಸ್ಟ್ರೇ, ಹಾಜರಿ ಪುಸ್ತಕದ ಹಾಗೆ ದಿನಾಂಕ ನೆನಪಿಟ್ಟಿದ್ದೀರಿ 😄

ಅಡ್ಯಾರ್_ಅಳಿಯ
ಈ ಹೆಪಟೈಟಿಸ್ ಸಿ ಮಾತ್ರೆ ತಿಂದ್ರೆ ಕ್ಯಾನ್ಸರ್ ಮತ್ತೆ ಬರ್ತದೆ ಅಂತ ವಾಟ್ಸ್ಯಾಪ್‌ನಲ್ಲಿ ಓದಿದ ನೆನಪು.

ಔಷಧಂಗಡಿ
2016ರ ಸುಮಾರಿಗೆ ಅಂಥ ಅನುಮಾನ ಎದ್ದದ್ದು ನಿಜ, ಡಾಕ್ಟ್ರುಗಳ ನಡುವೆಯೇ. ಆಮೇಲೆ ದೊಡ್ಡ ಅಧ್ಯಯನಗಳಲ್ಲಿ ಅದು ನಿಲ್ಲಲಿಲ್ಲ. ಗಡ್ಡೆ ಇದ್ದಾಗ ವೈರಸ್ ಮಾತ್ರೆ ಸ್ವಲ್ಪ ಕಮ್ಮಿ ಫಲ ಕೊಡ್ತದೆ, ಅದಕ್ಕೇ ಗುಣ ಮಾಡಬಹುದಾದ ಗಡ್ಡೆಯಿದ್ರೆ ಮೊದಲು ಅದನ್ನು ಮುಗಿಸಿ, ಕೆಲವು ತಿಂಗಳು ನೋಡಿ, ಆಮೇಲೆ ವೈರಸ್.

ಶಂಕರಪುರದವ (2 ವಾರದ ನಂತರ)
ಸಿಟಿ ಆಯ್ತು. ಕ್ಯಾನ್ಸರೇ. ಬಯಾಪ್ಸಿ ಬೇಡ ಅಂದ್ರು. ಸಿರೋಸಿಸ್ ಇದ್ದವರಲ್ಲಿ ಬಣ್ಣದ ಮದ್ದು ಗಡ್ಡೆಗೆ ಬೇಗ ಹತ್ತಿ ಬೇಗ ಇಳಿದ್ರೆ ಅದೇ ಗುರುತಂತೆ. ಒಂದೇ ಗಡ್ಡೆ, ರಕ್ತನಾಳ ಸ್ವಚ್ಛ. ಹೊಟ್ಟೆಯಲ್ಲಿ ನೀರಿಲ್ಲ. ಪ್ಲೇಟ್‌ಲೆಟ್ 98 ಸಾವಿರ ಅಂತ ಎಂಡೋಸ್ಕೋಪಿ ಮಾಡಿದ್ರು, ಅನ್ನನಾಳದಲ್ಲಿ ಸಣ್ಣ ಉಬ್ಬಿದ ನಾಳ ಉಂಟು.

ಡಾಕ್ಟ್ರು ನಿಜವಾಗಿಯೂ ಕೇಳಿದ್ರು, "ಮನೆಯಲ್ಲಿ ಎಂತ ಮಾಡ್ತೀರಿ ಅಮ್ಮ?" ಅಂತ. ನಾನು ಬಾಯಿ ಮುಚ್ಚಿಕೊಂಡು ಕೂತೆ. ಅಮ್ಮ ಗಿಡಕ್ಕೆ ಹಿಂಡಿ ಹಾಕುವಲ್ಲಿಂದ ಶುರು ಮಾಡಿ ಮದುವೆ ಸೀಸನ್‌ನ ರೇಟಿನವರೆಗೆ ಹೇಳಿದ್ರು. ಹೊರಗೆ ಕ್ಯೂ ಉದ್ದ ಆಯ್ತು. ಡಾಕ್ಟ್ರು ಫೈಲಿನಲ್ಲಿ ಏನೋ ಬರೆದು, ಸೂಜಿ ಹಾಕಿ ಸುಡುವ ಅಂದ್ರು. ಮೈಕ್ರೋವೇವ್ ಅಬ್ಲೇಷನ್. 3 ಸೆಂಟಿಮೀಟರ್ ಒಳಗಿನದ್ದಕ್ಕೆ ಅದು ಆಪರೇಷನ್‌ಗೆ ಹತ್ತಿರ ಹತ್ತಿರ ಅಂತೆ. ಹೊಟ್ಟೆ ಕೊಯ್ಯಬೇಕಾಗಿಲ್ಲ.

ಅಮಿಯೊಡರೋನ್ ಹೆಸರು ಕೇಳಿದ ಕೂಡಲೇ ಅವರೇ ಹೃದಯದ ಡಾಕ್ಟ್ರಿಗೆ ಫೋನ್ ಮಾಡಿದ್ರು. ಬದಲಿ ಮಾತ್ರೆ ಕೊಟ್ಟಾಗಿದೆ.

ಅತ್ತೂರು_ಲೋಬೊ
ಅಮ್ಮನಿಗೆ ಹೇಳಿದ್ರಾ?

ಶಂಕರಪುರದವ
ಇಲ್ಲ. ಅಣ್ಣ ಬೇಡ ಅಂತಾನೆ, ಹೆದರ್ತಾರೆ ಅಂತ.

ಬೆಂದೂರ್_ಬಾಯಿ
ಹೆದರುವುದು ಅಣ್ಣ. ಅಮ್ಮನ ಹೆಸರು ಹಾಕುವುದು ಪೊಕ್ಕಡೆ (ಸುಮ್ಮನೆ).

ಬಿಜೈ_ದುಬೈ
ಬಾಯಿ ಅಮ್ಮ, ಹಾಗೆ ಅನ್ನಬೇಡಿ. ದೂರ ಇರುವವರ ಕಷ್ಟ ನಿಮಗೆ ಗೊತ್ತಾಗುವುದಿಲ್ಲ. ರಾತ್ರಿ ಊರಿನ ನಂಬರಿನಿಂದ ಫೋನ್ ಬಂದ್ರೆ ಎದೆ ಧಸಕ್ ಅಂತದೆ. ನನ್ನ ಅಪ್ಪನಿಗೂ ಹೇಳಿರ್ಲಿಲ್ಲ, ನೆಮ್ಮದಿಯಲ್ಲೇ ಹೋದ್ರು.

ಅತ್ತೂರು_ಲೋಬೊ
ನಮ್ಮ ಅಪ್ಪನಿಗೂ ಹೇಳಿರ್ಲಿಲ್ಲ. ಕೊನೆಗೆ ಅವರೇ ವಾರ್ಡಿನಲ್ಲಿ ಪಕ್ಕದ ಬೆಡ್ಡಿನವರಿಗೆ ಹೇಳಿದ್ರಂತೆ, "ಮಕ್ಕಳಿಗೆ ನನಗೆ ಗೊತ್ತಿಲ್ಲ ಅಂತ ಲೆಕ್ಕ, ಹಾಗೇ ಇರ್ಲಿ" ಅಂತ. ಇದು ನನಗೆ ತಿಳಿದದ್ದು ಬೊಜ್ಜದ (ಉತ್ತರಕ್ರಿಯೆಯ) ದಿನ.

ಕುಂದಾಪ್ರದ್_ಗಂಡ್
🙏

ಗಂಜಿಊಟ
ಊಟದ ವಿಷಯ ಯಾರೂ ಹೇಳ್ಲಿಲ್ಲ. ಕುಚ್ಚಲಕ್ಕಿ ಗಂಜಿ ಒಳ್ಳೆಯದೇ, ಕೆಡಿಸುವುದು ಅದರ ಪಕ್ಕದಲ್ಲಿ ಕೂತ ಉಪ್ಪಿನಕಾಯಿ, ಒಣಮೀನು ಚಟ್ನಿ, ಹಪ್ಪಳ. ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಉಪ್ಪೇ ಶತ್ರು. ಇನ್ನೊಂದು, ಲಿವರ್ ರೋಗ ಅಂತ ಮೀನು ಮೊಟ್ಟೆ ಬೇಳೆ ಬಿಡಿಸಿ ಬರೀ ಗಂಜಿ ಮೇಲೆ ಇಡ್ತಾರೆ. ಮೈಯ ಮಾಂಸವೇ ಕರಗಿ ಹೋಗ್ತದೆ. ಪ್ರೋಟೀನ್ ಬೇಕು, ಮಲಗುವ ಮೊದಲು ಚೂರು ಏನಾದ್ರೂ ತಿನ್ನಬೇಕು. ನನ್ನ ಅಮ್ಮನಿಗೆ ಆಹಾರ ತಜ್ಞೆ ಬರೆದುಕೊಟ್ಟದ್ದು ಇದು. ಮರುವಾಯಿ ತಿನ್ನುವುದಾದ್ರೆ ಚೆನ್ನಾಗಿ ಬೇಯಿಸಿ. ಅರೆಬೆಂದ ಚಿಪ್ಪಿನ ಮೀನಿನಿಂದ ಸಿರೋಸಿಸ್‌ನವರಿಗೆ ರಕ್ತಕ್ಕೇ ಸೋಂಕು ಏರಬಹುದು.

ತೆಂಕುತಿಟ್ಟು
ಕಾಫಿ?

ಗಂಜಿಊಟ
ಕಾಫಿ ಲಿವರ್‌ಗೆ ಒಳ್ಳೆಯದಂತೆ ಮಾರಾಯ್ರೆ. ನೀವೂ ಕಷಾಯ ಬಿಟ್ಟು ಅದನ್ನೇ ಕುಡಿಯಿರಿ.

ಮುಲ್ಕಿ_ಮಾಸ್ಟ್ರು
ದುಡ್ಡಿನ ಬಗ್ಗೆ: ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಅಂತ ಕೂತಿರ್ತಾರೆ, ಬಿಲ್ ಕೌಂಟರಿಗೆ ಹೋಗುವ ಮೊದಲು ಅವರನ್ನು ಹಿಡಿಯಿರಿ. ಖಾಸಗಿ ಆಸ್ಪತ್ರೆಗೆ ಹೋಗುವುದಾದ್ರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಕೇಳ್ತಾರೆ, ಹಾಗಾಗಿ ಉಡುಪಿಯ ಅಜ್ಜರಕಾಡಿಗೋ ಮಂಗಳೂರಿನ ವೆನ್ಲಾಕಿಗೋ ಒಂದು ಸುತ್ತು ಹೇಗೂ ಉಂಟು. ಸಿ ಮಾತ್ರೆಯ ವಿಚಾರವನ್ನೂ ಅಲ್ಲೇ ಕೇಳಿ ಬನ್ನಿ.

ಅಡ್ಯಾರ್_ಅಳಿಯ
ಅಕ್ಕ ಹೇಳಿದ ಹಾಗೆ ಬೆಂಗಳೂರಿಗೆ ಹೋಗಿ ಲಿವರ್ ಟ್ರಾನ್ಸ್‌ಪ್ಲಾಂಟ್ ಮಾಡಿಸಬಹುದಲ್ಲ? ಎಲ್ಲ ಒಟ್ಟಿಗೆ ಮುಗೀತದೆ.

ನರ್ಸಕ್ಕ
76ರಲ್ಲಿ, ಹೃದಯದ ತೊಂದರೆ ಬೇರೆ. ಸಾಧಾರಣವಾಗಿ ಒಪ್ಪುವುದಿಲ್ಲ, ಒಪ್ಪಿದ್ರೂ ತಡೆದುಕೊಳ್ಳುವುದು ಕಷ್ಟ. ಸೂಜಿ ಹಾಕಿ ಸುಡುವುದು ಮಣಿಪಾಲ, ಮಂಗಳೂರಿನಲ್ಲೇ ಆಗ್ತದೆ. ಘಾಟಿ ಹತ್ತಿಸಿ ಪ್ರಾಯದವರನ್ನು ಅಲ್ಲಾಡಿಸಬೇಡಿ. ಆಮೇಲೆ ತಿಂಗಳಿಗೊಮ್ಮೆ ಹೋಗಿಬರುವುದು ಯಾರು?

ಶಂಕರಪುರದವ (5 ವಾರದ ನಂತರ)
ಆಯ್ತು. ಎರಡು ರಾತ್ರಿ ಆಸ್ಪತ್ರೆ. ಬಲಗಡೆ ಭುಜ ನೋವು, ಒಂದು ದಿನ ಜ್ವರ, ಆಮೇಲೆ ಏನಿಲ್ಲ.

ಹಿಂದಿನ ದಿನ ನಾನೇ ಅಮ್ಮನಿಗೆ ಹೇಳಿದೆ. ಹೂ ಕಟ್ಟುತ್ತಾ ಕೇಳಿಸಿಕೊಂಡ್ರು. "ಅಣ್ಣನಿಗೆ ಗೊತ್ತುಂಟಾ?" ಅಂದ್ರು. ಉಂಟು ಅಂದೆ. "ಅವನಿಗೆ ನೀನೇ ಸಮಾಧಾನ ಹೇಳು, ನನ್ನಿಂದ ಆಗ್ಲಿಕ್ಕಿಲ್ಲ" ಅಂದ್ರು. ಅಷ್ಟೇ ಮಾತು.

ಬೆಂದೂರ್_ಬಾಯಿ
😭😭

ಶಂಕರಪುರದವ (11 ತಿಂಗಳ ನಂತರ)
ಹಳೇ ಚರ್ಚೆ ಎಬ್ಬಿಸ್ತಿದ್ದೇನೆ, ಕ್ಷಮಿಸಿ.

ಸುಟ್ಟ ಮೇಲೆ ಐದು ತಿಂಗಳು ಕಾದೆವು. ಗಡ್ಡೆ ನೋಡಲಿಕ್ಕೂ ಆಯ್ತು, ಅಮಿಯೊಡರೋನ್ ಮೈಯಿಂದ ಇಳಿಯಲಿಕ್ಕೂ ಆಯ್ತು. ಆಮೇಲೆ 12 ವಾರ ಮಾತ್ರೆ, ಪುಕ್ಕಟೆ. ಜೊತೆಗೆ ಕೊಡುವ ರಿಬಾವಿರಿನ್ ಅಂತ ಇನ್ನೊಂದು ಮಾತ್ರೆ ಬೇಡ ಅಂದ್ರು, ಲಿವರ್ ಇನ್ನೂ ಸೋತಿಲ್ಲ, ಅದು ಪ್ರಾಯದವರಲ್ಲಿ ರಕ್ತ ಕಮ್ಮಿ ಮಾಡ್ತದೆ ಅಂತ. ಮುಗಿದು 12 ವಾರಕ್ಕೆ ಮತ್ತೆ ರಕ್ತ ಕೊಟ್ಟದ್ದು ಮೊನ್ನೆ. ವೈರಸ್ ಇಲ್ಲ. ಸ್ಕ್ಯಾನಿಂಗ್ ಸದ್ಯಕ್ಕೆ ಸ್ವಚ್ಛ. ಮತ್ತೆ ಬರಬಹುದು ಅಂತಲೂ ಡಾಕ್ಟ್ರು ಬಾಯಿಬಿಟ್ಟು ಹೇಳಿದ್ದಾರೆ, ಇನ್ನು ಮೂರು ತಿಂಗಳಿಗೊಮ್ಮೆ ನೋಡುವುದು.

ನಿನ್ನೆ ಕಣ್ಣಿನ ಆಪರೇಷನ್‌ಗೆ ಹೋದ್ರೆ ಮತ್ತೆ ಅದೇ ರಗಳೆ. ಎಚ್‌ಸಿವಿ ಪಾಸಿಟಿವ್ ಅಂತ ಫೈಲಿಗೆ ಕೆಂಪು ಚೀಟಿ, ಕೌಂಟರಿನಲ್ಲಿ ಎಲ್ಲರೆದುರು ಬೊಬ್ಬೆ. ನನಗೆ ಪಿಸುರು (ಸಿಟ್ಟು) ಬಂತು.

ನರ್ಸಕ್ಕ
ಅದು ಆ್ಯಂಟಿಬಾಡಿ ಪರೀಕ್ಷೆ, ಗುಣ ಆದ್ರೂ ಜೀವನವಿಡೀ ಪಾಸಿಟಿವ್ ತೋರಿಸ್ತದೆ. ವೈರಸ್ ಇಲ್ಲ ಅಂತ ತೋರಿಸುವ ಆರ್‌ಎನ್‌ಎ ರಿಪೋರ್ಟನ್ನು ಲ್ಯಾಮಿನೇಷನ್ ಮಾಡಿ ಆಧಾರ್ ಜೊತೆ ಇಟ್ಟುಬಿಡಿ.

ಮುಲ್ಕಿ_ಮಾಸ್ಟ್ರು
ನನ್ನದು ಪರ್ಸಿನಲ್ಲೇ ಉಂಟು.

ಶಂಕರಪುರದವ
ಇವತ್ತೇ ಮಾಡಿಸ್ತೇನೆ. ನಿನ್ನೆಯೂ ಆ ರಿಪೋರ್ಟು ತೋರಿಸಿದ ಮೇಲೆಯೇ ಡಾಕ್ಟ್ರು ಒಪ್ಪಿದ್ದು, ಗುರುವಾರ ಆಪರೇಷನ್. ಒಂದು ವಾರ ಹೂ ಕಟ್ಟಬಾರದು ಅಂದದ್ದಕ್ಕೆ ಅಮ್ಮನಿಗೆ ಈಗ ಕೋಪ. ಕ್ಯಾನ್ಸರ್ ಅಂದಾಗ ಬಂದಿರ್ಲಿಲ್ಲ.

ಬಿಜೈ_ದುಬೈ
ಶನಿವಾರ ತಂಗಿಯ ಮಗಳ ಮದುವೆಗೆ ಊರಿಗೆ ಬರ್ತಿದ್ದೇನೆ. ಮಲ್ಲಿಗೆ ಅಟ್ಟೆಗೆ (ಕಟ್ಟಿದ ಹೂವಿನ ಲೆಕ್ಕ) ಇವತ್ತು ಎಷ್ಟುಂಟು ರೇಟು?

ಶಂಕರಪುರದವ
ಅಮ್ಮನ ಹತ್ರ ಕೇಳಿ ಹೇಳ್ತೇನೆ. ಪರಿಚಯದವರಿಗೆ ಅಂತ ಕಮ್ಮಿ ಮಾಡುವವರಲ್ಲ ಅವರು.